ಕರಿಹೊಗೆ ಬಿಟ್ಟು ಹೋದ ಡಿಂಪ್ನಾ

ಡಿಂಪ್ನಾ ಲವೆಲ್ ಕಾರು ಓಡಿಸುವುದನ್ನು ಕಂಡ ಹೊಸಬರು, ಹಿಂದಿನ ಸೀಟಿನಲ್ಲಿ ಹಸಿ ಬಾಣಂತಿ ಮಲಗಿದ್ದಾಳೆ ಎಂದೇ ತಿಳಿಯಬೇಕು. ಮೇಯೋ ಸೀಮೆಯ ಪಡುವಣ ಅಂಚಿನ ಆ ಕಿರುದಾರಿಗಳಲ್ಲಿ ಅವಳು ಗಂಟೆಗೆ ನಲವತ್ತು ಕಿಲೋಮೀಟರು ದಾಟಿದವಳಲ್ಲ. ಅವಳ ಹಿಂದೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತಿದ್ದವು. ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸವೂ ಅಂಥದ್ದೇ. ಕೈಲಾಗದ ಮುದುಕ ಮುದುಕಿಯರ ಮನೆಗೆ ಹೋಗಿ ಎಬ್ಬಿಸುವುದು, ಮೈ ತೊಳೆಸುವುದು, ಓಟ್ಸ್ ಗಂಜಿ ಕುಡಿಸುವುದು, ಅಂಗಿಯ ಗುಂಡಿ ಹಾಕಿ ಕೂರಿಸಿ ಬರುವುದು. ನಿಧಾನವೆಂಬುದು ಮೊದಲು ಅವಳ ಕೈಗೆ ಬಂತು, ಆಮೇಲೆ ಕಾಲಿಗೂ ಇಳಿಯಿತು.

ಇಂಥವಳ ಡೀಸೆಲ್ ಕಾರು ವರ್ಷದ ಪರೀಕ್ಷೆಯಲ್ಲಿ ಫೇಲಾಯಿತು. ಹೊಗೆ ಮಿತಿ ಮೀರಿದೆ ಎಂದು ಕೊಟ್ಟ ಚೀಟಿಯನ್ನು ಅವಳು ಮೂರು ಸಲ ಓದಿದಳು. ಪಕ್ಕದ ಮನೆಯವನ ಕಾರು ಊರೆಲ್ಲ ಹಾರಾಡಿ ಬಂದು ಪಾಸಾಗಿದೆ, ತನ್ನದಕ್ಕೆ ಏನು ಬಂತು ರೋಗ?

ಅವಳನ್ನು ಮನೆಮನೆಗೆ ಕಳಿಸುವ ಕಚೇರಿಯ ನೋರೀನ್ ಫೋನಿನಲ್ಲಿ ಮೆತ್ತಗೆ ಹೇಳಿದಳು. "ನಾನೇನ್ ಮಾಡ್ಲಿ ಹೇಳು ಡಿಂಪ್ನಾ. ಸರ್ಟಿಫಿಕೇಟ್ ಇಲ್ದಿರೋ ಗಾಡೀಲಿ ಕೆಲಸಕ್ಕೆ ಕಳ್ಸೋ ಹಾಗಿಲ್ಲ. ಗುರುವಾರದ ಮರುಪರೀಕ್ಷೇಲೂ ಫೇಲಾದ್ರೆ, ಸೋಮವಾರದಿಂದ ನಿನ್ನ ಮನೆಗಳನ್ನ ಬೇರೆಯವರಿಗೆ ಕೊಡ್ಬೇಕಾಗುತ್ತೆ."

"ಬಾರ್ಟ್ಲಿ ಮನೇನೂ?"

"ಬಾರ್ಟ್ಲಿ ಮನೇನೂ."

ಬಾರ್ಟ್ಲಿಗೆ ಎಂಬತ್ತಾರು, ಮದುವೆಯಾಗದ ಒಂಟಿ ಪ್ರಾಣಿ. ಅವಳು ರಜೆ ಹಾಕಿದಾಗ ಬಂದ ಇಬ್ಬರನ್ನು ಊರುಗೋಲು ತೋರಿಸಿ ಗೇಟಿನಿಂದಲೇ ಓಡಿಸಿದ್ದ. ಅವಳು ಹೋಗದಿದ್ದರೆ ಅವನನ್ನು ಪಟ್ಟಣದ ವೃದ್ಧಾಶ್ರಮಕ್ಕೆ ಸಾಗಿಸುತ್ತಾರೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಊರಿನಲ್ಲಿ ಸಲಹೆಗೇನು ಬರವೇ? ಅಂಗಡಿಯ ಡೀಲಿಯಾ ಟ್ಯಾಂಕಿಗೆ ಸುರಿಯುವ ಔಷಧಿ ಬಾಟಲಿ ಮಾರಿದಳು. ಎರಡು ಬಾಟಲಿ ಹಾಕಿದರೆ ಎಂಜಿನ್ ಕೆಡುತ್ತದೆಂದು ಭಾವ ಹೆದರಿಸಿದ, ಒಂದರಿಂದ ಏನೂ ಆಗುವುದಿಲ್ಲವೆಂದು ಅವನ ಹೆಂಡತಿ ನಕ್ಕಳು. ಫಾದರ್ ಲೋಫ್ಟಸ್ ಬಾನೆಟ್ ಮೇಲೆ ತೀರ್ಥ ಪ್ರೋಕ್ಷಿಸಿ, ಗಾಳಿಯ ಫಿಲ್ಟರನ್ನೂ ಒಮ್ಮೆ ನೋಡಿಸು ಎಂದರು. ಡಿಂಪ್ನಾ ಯಾರನ್ನು ನಂಬಬೇಕೆಂದೇ ತಿಳಿಯದೆ ಎಲ್ಲರನ್ನೂ ನಂಬಿದಳು.

ಕೊನೆಗೆ ಶಾಲೆಯಲ್ಲಿ ಜೊತೆಗೆ ಓದಿದ ಮೆಕ್ಯಾನಿಕ್ ಫರ್ಗಲ್‌ನ ಗ್ಯಾರೇಜಿಗೆ ಬಂದಳು. ಅವನು ಫಿಲ್ಟರ್ ಬದಲಿಸಿ, ಅರ್ಧ ಗಂಟೆ ತಡಕಾಡಿ, ಕೈ ಒರೆಸಿಕೊಂಡ.

"ನಿನ್ನ ಗಾಡೀಗೆ ಏನೂ ಆಗಿಲ್ಲ ಕಣೆ."

"ಮತ್ತೆ ಹೊಗೆ?"

"ನೀನು ಓಡ್ಸೋ ಚೆಂದಕ್ಕೆ ಇದು ಒಂದಿನಾನೂ ಸರಿಯಾಗಿ ಬಿಸಿ ಆಗಿಲ್ಲ. ಒಳಗೆ ಮಸಿ ಕೂತ್ಕೊಂಡಿದೆ. ಸುಟ್ಟು ಹೊರಗೆ ಹೋಗ್ಬೇಕಲ್ಲ, ಹೆಂಗ್ ಹೋಗುತ್ತೆ?"

"ಜೋಪಾನ ಮಾಡಿದ್ದು ತಪ್ಪಾ?"

"ಡೀಸೆಲ್ ಗಾಡೀಗೆ ತಪ್ಪೇ. ಗುರುವಾರ ಮೂರನೇ ಗೇರಿಗೆ ಹಾಕು, ಕಾಲು ಒತ್ತು, ಬ್ಯಾಲಿನಾದ ಪರೀಕ್ಷೆ ಜಾಗದ ತನಕ ಎತ್ಬೇಡ. ಅಲ್ಲಿ ನಿನ್ನ ಸರದಿ ಬರೋವರ್ಗೂ ಎಂಜಿನ್ ಆರಿಸ್ಬೇಡ. ಹೋದ್ಸಲ ಎಷ್ಟು ಮುಂಚೆ ಹೋಗಿದ್ದೆ?"

"ಮುಕ್ಕಾಲು ಗಂಟೆ."

"ಎಂಜಿನ್ ಆರ್ಸಿ ಕೂತಿದ್ದೆ."

"ಇನ್ನೇನು, ಸುಮ್ನೆ ಡೀಸೆಲ್ ಸುಡ್ತಾ ಕೂತಿರ್ಬೇಕಿತ್ತಾ?"

ಫರ್ಗಲ್ ತಲೆಗೆ ಕೈ ಹಚ್ಚಿಕೊಂಡ. ಮಗುವಿನಂತೆ ನೋಡಿಕೊಂಡದ್ದಕ್ಕೇ ಕಾಯಿಲೆ ಬಿದ್ದಿತೆಂದರೆ ಯಾರಾದರೂ ನಂಬುವ ಮಾತೇ? ಅವಳು ಮನೆಗೂ ನಲವತ್ತರಲ್ಲೇ ಹೋದಳು.

ಗುರುವಾರ ಬೆಳಿಗ್ಗೆ ಏಳಕ್ಕೇ ಬಾರ್ಟ್ಲಿಗೆ ಗಂಜಿ ಕೊಟ್ಟು, ಮತ್ತೆ ಮಲಗಿಸಿ, ಮೊಬೈಲನ್ನು ಆರಿಸಿ ಚೀಲದೊಳಗೆ ಹಾಕಿದಳು. ಅವನ ಮನೆಯ ಓಣಿ ದಾಟಿದ್ದೇ ಮೂರನೇ ಗೇರು ಹಾಕಿ, ಕಣ್ಣು ಮುಚ್ಚುವುದೊಂದು ಬಾಕಿ, ಕಾಲು ಒತ್ತಿದಳು. ಕಾರು ಅರಚಿಕೊಂಡಿತು. ಹಿಂದೆ ದಾರಿಯೇ ಕಾಣದಷ್ಟು ಕರಿಹೊಗೆ. ಡೀಲಿಯಾಳ ಅಂಗಡಿ ಸರ್ರನೆ ಹಿಂದಕ್ಕೆ ಹೋಯಿತು. ಅದರಾಚೆ ಫಾದರ್ ಲೋಫ್ಟಸರ ಕಾರು ಮುಂದೆ ಸಿಕ್ಕಿತು. ಜೀವಮಾನದಲ್ಲಿ ಮೊದಲ ಸಲ ಅವಳು ಇನ್ನೊಂದು ಕಾರನ್ನು ಹಿಂದೆ ಹಾಕಿದಳು, ಅದೂ ಪಾದ್ರಿಯದನ್ನು. ಕನ್ನಡಿಯಲ್ಲಿ ಅವರ ಬಾಯಿ ತೆರೆದೇ ಇತ್ತು.

ಬ್ಯಾಲಿನಾದಲ್ಲಿ ಕಾರು ಪಾಸಾಯಿತು.

"ಏನ್ ರಿಪೇರಿ ಮಾಡಿಸಿದ್ರಿ?" ಎಂದು ಪರೀಕ್ಷೆ ಮಾಡಿದವನು ಕೇಳಿದ.

"ಗೊತ್ತಿಲ್ಲಪ್ಪ," ಎಂದಳು. ಅದು ಸತ್ಯವೇ. ಬಾಟಲಿಯೋ, ಫಿಲ್ಟರೋ, ತೀರ್ಥವೋ, ತನ್ನ ಕಾಲೋ, ಅವಳಿಗೇನು ಗೊತ್ತು?

ಮಧ್ಯಾಹ್ನ ಹಿಂದಿರುಗುವಾಗ ಬಾರ್ಟ್ಲಿಯ ಓಣಿಯ ಎರಡೂ ಬದಿಗೆ ಕಾರುಗಳು ನಿಂತಿದ್ದವು. ಹದಿನೈದೋ ಇಪ್ಪತ್ತೋ. ಆ ಸೀಮೆಯಲ್ಲಿ ಒಂಟಿ ಮುದುಕನ ಮನೆಯೆದುರು ಅಷ್ಟು ಕಾರು ನಿಲ್ಲುವುದು ಒಂದೇ ಕಾರಣಕ್ಕೆ. ಡಿಂಪ್ನಾ ಗಕ್ಕನೆ ಬ್ರೇಕ್ ಒತ್ತಿದಳು. ಬೆಳಿಗ್ಗೆ ಗಂಜಿ ಪೂರ್ತಿ ಕುಡಿದಿದ್ದನಲ್ಲ? ದಿನಾ ಬರುವ ಹೊತ್ತಿಗೇ ಬಂದಿದ್ದರೆ, ಅವಸರ ಮಾಡದೆ ಇದ್ದಿದ್ದರೆ, ಗಮನಕ್ಕೆ ಬರುತ್ತಿತ್ತೇನೋ. ಕಾರಿನ ಬಾಗಿಲನ್ನೂ ಹಾಕದೆ, ಸರ್ಟಿಫಿಕೇಟ್ ಕೈಯಲ್ಲಿ ಹಿಡಿದೇ ಓಡಿದಳು.

ಒಳಗೆ ಜನವೋ ಜನ. ಮೇಜಿನ ತುಂಬ ಹ್ಯಾಮ್ ಸ್ಯಾಂಡ್‌ವಿಚ್, ಆಪಲ್ ಟಾರ್ಟ್, ಮೂರು ಮನೆಗಳ ಟೀ ಪಾತ್ರೆಗಳು. ನಡುವೆ ಕುರ್ಚಿಯಲ್ಲಿ, ಬಾಯಿ ತುಂಬ ಸ್ಯಾಂಡ್‌ವಿಚ್ ತುಂಬಿಕೊಂಡು, ಬಾರ್ಟ್ಲಿ ಕೂತಿದ್ದ.

"ಸತ್ತಿಲ್ವಾ?" ಎಂದಳು ಡಿಂಪ್ನಾ.

"ಅದನ್ನೇ ಬೆಳಗ್ಗೆಯಿಂದ ಎಲ್ಲರಿಗೂ ಹೇಳ್ತಾ ಇದೀನಿ," ಎಂದ ಬಾರ್ಟ್ಲಿ.

ಫಾದರ್ ಲೋಫ್ಟಸ್ ಕಪ್ಪು ಕೆಳಗಿಟ್ಟರು. "ನೀನು ಅಷ್ಟು ಜೋರಾಗಿ ಹೋಗಿದ್ದು ನೋಡಿ ಬಾರ್ಟ್ಲಿ ಹೋದ ಅಂತಲೇ ಅಂದ್ಕೊಂಡೆ ಕಣಮ್ಮ. ಕೊನೇ ಪ್ರಾರ್ಥನೆಗೆ ಪವಿತ್ರ ಎಣ್ಣೆ ತಗೊಂಡು ಇತ್ತ ತಿರುಗಿಸ್ದೆ."

"ಫಾದರ್ ತಿರುಗಿಸಿದ್ದು ನಾನ್ ನೋಡ್ದೆ," ಎಂದಳು ಡೀಲಿಯಾ. "ಇನ್ನೇನ್ ಬೇಕು? ಸಾವಿನ ಮನೆಗೆ ಬಂದೋರಿಗೆ ತಿನ್ನೋಕೆ ಬೇಕಲ್ಲ ಅಂತ ಬ್ರೆಡ್ ಕುಯ್ಯೋಕೆ ಶುರು ಮಾಡ್ದೆ. ಬದುಕಿದಾನೆ ಅಂತ ತಿಳಿಯೋ ಹೊತ್ತಿಗೆ ಎಲ್ಲಾ ಕಟ್ಟಾಗಿತ್ತು. ವಾಪಸ್ ಹೊತ್ಕೊಂಡ್ ಹೋಗೋಕಾಗುತ್ತಾ? ಅದಿರ್ಲಿ, ಹಾಗಾದ್ರೆ ಸತ್ತಿದ್ಯಾರು?"

ಡಿಂಪ್ನಾ ಕಾಗದ ಎತ್ತಿ ತೋರಿಸಿದಳು. "ಗಾಡಿ ಪಾಸಾಯ್ತು."

ಮನೆಯೇ ಹಾರಿಹೋಗುವಂತೆ ನಕ್ಕರು. ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಕತ್ತಲಾಗುವ ಮುಂಚೆ ಒಬ್ಬೊಬ್ಬರೇ ಹೊರಟರು. ಬಾರ್ಟ್ಲಿ ಪ್ರತಿಯೊಬ್ಬರ ಕೈ ಹಿಡಿದು ಬೀಳ್ಕೊಟ್ಟ. ಆ ಮನೆಯಲ್ಲಿ ಅಷ್ಟು ಜನ ಸೇರಿ ಮೂವತ್ತೊಂದು ವರ್ಷವಾಗಿತ್ತು, ಹಿಂದೆ ಸೇರಿದ್ದು ಅವನ ತಾಯಿ ತೀರಿಕೊಂಡ ದಿನ. ಡಿಂಪ್ನಾ ತಟ್ಟೆಗಳನ್ನು ತೊಳೆದು, ಅವನ ಅಂಗಿಯ ಮೇಲಿನ ಚೂರುಗಳನ್ನು ಒರೆಸಿದಳು.

"ಏ ಹುಡುಗಿ," ಎಂದ ಅವನು, ಅರವತ್ತೊಂದರ ಅವಳನ್ನು. "ಮತ್ತೆ ಯಾವಾಗ ಪರೀಕ್ಷೆ?"

"ಬರೋ ವರ್ಷ, ಇದೇ ತಿಂಗಳು."

ಬಾರ್ಟ್ಲಿ ಖಾಲಿ ಕುರ್ಚಿಗಳ ಕಡೆ ನೋಡಿದ.

"ಅಲ್ಲೀ ತನಕ ನಿಧಾನಕ್ಕೇ ಓಡ್ಸು," ಎಂದ.