ಎರಡು ಗಂಟೆಯ ಖಾಲಿ ಮನೆ

ಖಾಲಿ ಜಾಗ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಡೈರಿಯಲ್ಲಿ ಒಂದು ದಿನ ಬರೆಯದೆ ಹೋದರೆ ಮರುದಿನ ಕೂತು, ನೆನಪಿದ್ದಷ್ಟು ಬರೆದು, ಏನೂ ನೆನಪಾಗದಿದ್ದರೆ ‘ಮೋಡ, ಸೆಕೆ’ ಎಂದಾದರೂ ಹಾಕಿ ಪುಟ ತುಂಬಿಸುತ್ತೇನೆ. ಉಡುಪಿಯಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ಈ ಎರಡು ಪದ ಸುಳ್ಳಾಗುವುದಿಲ್ಲ. ಈ ಚಾಳಿ ಶಂಕರಪುರದ ನಮ್ಮ ಮನೆಯಿಂದಲೇ ಬಂದಿರಬೇಕು. ಅಮ್ಮ ಮಲ್ಲಿಗೆ ಕಟ್ಟುವಾಗ ಮಾತಾಡುತ್ತಲೇ ಮೊಗ್ಗು ಎಣಿಸುತ್ತಾರೆ; ನಡುವೆ ಎದ್ದು ಹೋಗಿ ಗಂಜಿ ಬಸಿದು ಬಂದರೂ ಲೆಕ್ಕ ತಪ್ಪುವುದಿಲ್ಲ. ನನಗೆ ಅವರ ಎಣಿಕೆ ಬಂತು, ಹೂ ಕಟ್ಟುವ ಕೈ ಬರಲಿಲ್ಲ. ಹಾಗಾಗಿ ನರ್ಸ್ ಆದೆ ಎಂದು ಅಕ್ಕ ತಮಾಷೆ ಮಾಡುವುದುಂಟು.

ನಾನಿರುವ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಎಂಬತ್ತೊಂದನೆಯ ಇಸವಿಯ ಡೈರಿಯಲ್ಲಿ ಜೂನ್ ಎಂಟು, ಸೋಮವಾರದ ಪುಟದಲ್ಲಿ ಹೀಗಿದೆ: ‘ಹೆಂಗಸರ ವಾರ್ಡಿಗೆ ಕಾರ್ಡು ಬಂತು. ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. ಮೋಡ.’

ಅದಕ್ಕಿಂತ ಮೊದಲು ನಮ್ಮಲ್ಲಿ ಒಂದು ದಪ್ಪ ರಿಪೋರ್ಟು ಪುಸ್ತಕ ಇತ್ತು. ಇಪ್ಪತ್ತೆರಡು ಹಾಸಿಗೆಗಳ ಸಮಾಚಾರವೆಲ್ಲ ಅದರಲ್ಲೇ, ಒಂದರ ಕೆಳಗೆ ಒಂದು. ‘ಆರಾಮ. ನಿದ್ರೆ ಬಂತು. ಗಂಜಿ ಕುಡಿದರು.’ ಓದಲು ಹಿತವಾಗಿತ್ತು. ನೆಂಟರ ಮನೆಯಿಂದ ಬಂದ ಕಾಗದದ ಹಾಗೆ. ಆದರೆ ಆ ಮಳೆಗಾಲಕ್ಕೆ ಮುಂಚೆ ಒಬ್ಬ ಬಾಣಂತಿಗೆ ಮೂರು ದಿನ ಸ್ವಲ್ಪ ಸ್ವಲ್ಪವೇ ಜ್ವರ ಏರಿತ್ತು. ಮೂರೂ ದಿನ ಬರೆದಿದ್ದೆವು, ಮೂರು ಬೇರೆ ಬೇರೆ ಪುಟಗಳಲ್ಲಿ, ಮೂವರ ಬೇರೆ ಬೇರೆ ಅಕ್ಷರಗಳಲ್ಲಿ. ಒಟ್ಟಿಗೆ ಯಾರಿಗೂ ಕಾಣಲಿಲ್ಲ. ಆಕೆ ಬದುಕಿದಳು, ಆದರೆ ನಮ್ಮ ವಾರ್ಡಿನ ಮೇಲ್ವಿಚಾರಕಿ ಕ್ರಿಸ್ಟಿನ್ ಸಿಸ್ಟರ್‌ಗೆ ಅದು ಮನಸ್ಸಿನಿಂದ ಹೋಗಲಿಲ್ಲ. ಅವರು ಕೆಮ್ಮಣ್ಣಿನವರು, ಮಾತು ಕಮ್ಮಿ. ಮಣಿಪಾಲಕ್ಕೆ ಒಂದು ವಾರ ಹೋಗಿ ಕಲಿತು, ಒಬ್ಬೊಬ್ಬ ರೋಗಿಗೆ ಒಂದೊಂದು ಕಾರ್ಡು ಅಚ್ಚು ಹಾಕಿಸಿ ತಂದರು. ಅದರಲ್ಲಿ ಸಾಲು ಸಾಲು ಚೌಕದ ಮನೆಗಳು: ಆರು ಗಂಟೆ, ಹತ್ತು ಗಂಟೆ, ಎರಡು ಗಂಟೆ, ಜ್ವರ, ನಾಡಿ, ಉಸಿರು. ಜ್ವರ ಏರಿದರೆ ಗುಡ್ಡ ಏರಿದ ಹಾಗೆ ಗೆರೆ ಕಾಣಬೇಕು. ಆಸ್ಪತ್ರೆಯ ನರ್ಸುಗಳಿಗೆಲ್ಲ ಮೇಲಿನವರಾದ ಮೇಟ್ರನ್ ಒಪ್ಪಿದರು, ಆದರೆ ಆರು ವಾರಕ್ಕೆ ಮಾತ್ರ. ಆಮೇಲೆ ಬಂದು ನೋಡುವುದು. ಸರಿ ಕಾಣದಿದ್ದರೆ ಮತ್ತೆ ಪುಸ್ತಕ.

ಲೆಕ್ಕದ ಚಾಳಿಯವಳು ಎಂದು ಸಿಸ್ಟರ್ ನನಗೆ ಒಂದು ಕೆಲಸ ಕೊಟ್ಟರು. ವಾರಕ್ಕೊಮ್ಮೆ ಕಾರ್ಡುಗಳಲ್ಲಿ ಎಷ್ಟು ಮನೆ ಖಾಲಿ ಬಿಟ್ಟಿದ್ದೇವೆ ಎಂದು ಎಣಿಸಬೇಕು. ಮೊದಲ ವಾರ ನಲವತ್ತೊಂದು. ನಾನು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು, ಖಾಲಿ ಬಿಟ್ಟವರ ಹೆಸರು ಸಮೇತ, ನರ್ಸುಗಳ ಕೋಣೆಯ ಗೋಡೆಗೆ ಅಂಟಿಸಿದೆ. ಅಂಟಿಸಲು ಯಾರೂ ಹೇಳಿರಲಿಲ್ಲ. ಎರಡನೆಯ ವಾರ ಹತ್ತೊಂಬತ್ತು. ಮೂರನೆಯ ವಾರ ಆರು. ನಾಲ್ಕನೆಯ ವಾರ ಸೊನ್ನೆ. ನಾನು ಸೊನ್ನೆಯ ಸುತ್ತ ಕೆಂಪು ಶಾಯಿಯಲ್ಲಿ ಹೂವಿನ ಎಸಳು ಬರೆದೆ. ಸಿಸ್ಟರ್ ಅದನ್ನು ನೋಡಿ, ಆ ವಾರದ ಕಾರ್ಡುಗಳನ್ನು ಎತ್ತಿಕೊಂಡು ತಮ್ಮ ಮೇಜಿಗೆ ಹೋದರು. ಹೊಗಳುತ್ತಾರೆ ಎಂದು ಕಾದಿದ್ದ ನನಗೆ ಗಲಿಬಿಲಿಯಾಯಿತು.

ಎರಡು ದಿನ ಬಿಟ್ಟು ನನ್ನನ್ನು ಕರೆದರು. ಮೇಜಿನ ಮೇಲೆ ಅಜೆಕಾರಿನ ಗಿರಿಜಕ್ಕನ ಕಾರ್ಡು. ಗಿರಿಜಕ್ಕ ಹಿಂದಿನ ದಿನ ಬಿಡುಗಡೆಯಾಗಿ ಹೋಗಿದ್ದವರು.

‘ನಿನ್ನೆ ಎರಡು ಗಂಟೆಗೆ ಇವರ ಜ್ವರ ತೊಂಬತ್ತೆಂಟು ಪಾಯಿಂಟ್ ನಾಲ್ಕು, ನಾಡಿ ಎಪ್ಪತ್ತಾರು. ಇದು ನಿನ್ನ ಅಕ್ಷರ ಅಲ್ವಾ?’

‘ಹೌದು ಸಿಸ್ಟರ್.’

‘ಅವರು ಹೊರಟದ್ದು ಒಂದು ಗಂಟೆಗೆ. ಎರಡು ಗಂಟೆಗೆ ಬಸ್ಸಿನಲ್ಲಿ ಹಿರಿಯಡ್ಕ ದಾಟಿರಬೇಕು. ನೀನು ಥರ್ಮಾಮೀಟರು ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿದೆಯಾ, ಎಂತ?’

ನಡೆದದ್ದು ಇಷ್ಟು. ಮಧ್ಯಾಹ್ನದ ಡ್ಯೂಟಿಯ ಸುನಂದಕ್ಕ ಬರುವುದು ಕಾಪುವಿನಿಂದ. ಅವರ ಬಸ್ಸು ಎರಡು ಗಂಟೆಗೆ ಸರಿಯಾಗಿ ಬಂದ ದಿನ ನನ್ನ ಡೈರಿಯಲ್ಲಿ ಒಂದೂ ಇಲ್ಲ. ತೀರಾ ತಡವಾದರೆ ಎರಡು ಗಂಟೆಯ ಕೆಲವು ಮನೆ ಖಾಲಿ, ಖಾಲಿಯಾದರೆ ಗೋಡೆಯ ಮೇಲೆ ಅವರ ಹೆಸರು. ಅವರಿಗೆ ಎರಡು ಸಣ್ಣ ಮಕ್ಕಳು, ಮನೆಯಲ್ಲಿ ಅತ್ತೆ. ಬಸ್ಸು ಅವರು ಹೇಳಿದ ಹಾಗೆ ಕೇಳುವುದಿಲ್ಲ. ಪಾಪ ಅನಿಸಿ ಬೆಳಗಿನ ಡ್ಯೂಟಿಯವರು ನಾವು ಹೊರಡುವ ಮುಂಚೆಯೇ, ಹತ್ತು ಗಂಟೆಯದ್ದನ್ನು ನೋಡಿ, ಎರಡು ಗಂಟೆಯದ್ದನ್ನೂ ಅಂದಾಜಿನಲ್ಲಿ ತುಂಬಿಸಿಡುತ್ತಿದ್ದೆವು. ನಮ್ಮಲ್ಲಿ ಅದು ಮೋಸವೆಂದು ಯಾರಿಗೂ ತೋರಿರಲಿಲ್ಲ. ಪಕ್ಕದ ಮನೆಯವರು ಬರುವುದು ತಡವಾದರೆ ಅವರ ಅಂಗಳದ ಬಟ್ಟೆ ತೆಗೆದಿಡುವುದಿಲ್ಲವೇ, ಹಾಗೆ.

‘ಹಾಗಾದರೆ ನಿನ್ನ ಸೊನ್ನೆ?’ ಎಂದರು ಸಿಸ್ಟರ್.

ಅಂದು ಸಂಜೆ ಹಾಸ್ಟೆಲಿನಲ್ಲಿ ಕೂತು ಎಷ್ಟು ಯೋಚಿಸಿದರೂ ನನಗೆ ದಾರಿ ಸಿಗಲಿಲ್ಲ. ನಲವತ್ತೊಂದು ಖಾಲಿ ಇದ್ದಾಗ ವಾರ್ಡು ಚೆನ್ನಾಗಿತ್ತೋ, ಸೊನ್ನೆ ಆದಾಗ ಚೆನ್ನಾಗಿತ್ತೋ? ಪುಸ್ತಕದ ಕಾಲದಲ್ಲಿ ಎಷ್ಟು ಖಾಲಿ ಇತ್ತು? ಪುಸ್ತಕದಲ್ಲಿ ಮನೆಗಳೇ ಇರಲಿಲ್ಲ, ಖಾಲಿ ಎಲ್ಲಿಂದ ಬರಬೇಕು? ಖಾಲಿ ಕಡಿಮೆ ಮಾಡಲೆಂದು ನಾನು ಎಣಿಸಿದೆ. ಎಣಿಸಿದ್ದರಿಂದಲೇ ಸುಳ್ಳು ಹುಟ್ಟಿತು. ಶಾಲೆಯಲ್ಲಿ ನಮ್ಮ ಕನ್ನಡ ಪಂಡಿತರು ಹೇಳುತ್ತಿದ್ದರು: ಹಿಂದೆ ತಾಳೆಗರಿ ನೋಡಿ ಪ್ರತಿ ಮಾಡುವವರು, ಗೆದ್ದಲು ತಿಂದ ಕಡೆ ತಮಗೆ ತೋಚಿದ್ದನ್ನು ಸೇರಿಸದೆ ಅಷ್ಟು ಜಾಗ ಬಿಟ್ಟು ಮುಂದೆ ಬರೆಯುತ್ತಿದ್ದರಂತೆ. ಆಗ ನನಗೆ ಅವರು ಸೋಮಾರಿಗಳಾಗಿ ಕಂಡಿದ್ದರು. ಒಂದು ಪದ ಹೊಂದಿಸಿ ಹಾಕಲು ಅವರಿಗೇನು ಕಷ್ಟ ಎಂದು ಪಂಡಿತರನ್ನು ಕೇಳಿಯೂ ಇದ್ದೆ.

ಮರುದಿನ ಸಿಸ್ಟರ್ ನನ್ನ ಪಟ್ಟಿಯನ್ನು ಗೋಡೆಯಿಂದ ತೆಗೆದರು. ಎಲ್ಲರನ್ನೂ ನಿಲ್ಲಿಸಿ ಒಂದೇ ಮಾತು ಹೇಳಿದರು: ನೋಡಿದರೆ ಬರೆಯಿರಿ, ನೋಡದಿದ್ದರೆ ಬಿಡಿ, ಬಿಟ್ಟದ್ದಕ್ಕೆ ಬೈಯುವುದಿಲ್ಲ, ಸೇರಿಸಿದ್ದಕ್ಕೆ ಬೈಯುತ್ತೇನೆ. ಸುನಂದಕ್ಕ ನನ್ನ ಕಿವಿಯ ಹತ್ತಿರ, ‘ನಿನ್ನ ಸಹಾಯ ಸಾಕು ಮಾರಾಯ್ತಿ. ಗೋಡೆಗೆ ಹೆಸರು ಹಚ್ಚಿದವಳೂ ನೀನೇ, ಮನೆ ತುಂಬಿಸಿದವಳೂ ನೀನೇ’ ಎಂದರು. ಆ ವಾರ ಎಣಿಸಿದೆ. ಮೂವತ್ತೆಂಟು.

ಆರನೆಯ ವಾರ ಮೇಟ್ರನ್ ಬರುವ ದಿನ ಬೆಳಿಗ್ಗೆ ನಾನು ಸಿಸ್ಟರ್ ಹತ್ತಿರ ಹೋಗಿ, ‘ನಾಲ್ಕನೆಯ ವಾರದ ಕಾರ್ಡು ಮಾತ್ರ ತೋರಿಸುವ ಸಿಸ್ಟರ್. ಈ ವಾರದ್ದನ್ನು ನೋಡಿದರೆ ಮತ್ತೆ ಪುಸ್ತಕವೇ ಗತಿ’ ಎಂದೆ.

‘ಆ ಬಾಣಂತಿಯ ಪುಟಗಳೂ ತುಂಬಿಯೇ ಇದ್ದವು’ ಎಂದು ಅವರು ಈ ವಾರದ ಕಾರ್ಡುಗಳನ್ನೇ ಜೋಡಿಸಿಟ್ಟರು.

ಮೇಟ್ರನ್ ಪೆನ್ಸಿಲಿನ ತುದಿಯಿಂದ ಒಂದೊಂದೇ ಖಾಲಿ ಮನೆ ಮುಟ್ಟುತ್ತಾ ಹೋದರು. ‘ಇಷ್ಟು ಖಾಲಿ ಯಾಕೆ?’

‘ಆಗ ಯಾರೂ ನೋಡಲಿಲ್ಲ ಮೇಡಂ’ ಎಂದರು ಸಿಸ್ಟರ್.

‘ಪುಸ್ತಕ ಇದ್ದಾಗ ನೋಡುತ್ತಿದ್ದರಾ?’

‘ಗೊತ್ತಿಲ್ಲ. ಪುಸ್ತಕದಲ್ಲಿ ಅದು ಕಾಣುತ್ತಿರಲಿಲ್ಲ.’

‘ತಪ್ಪು ಯಾರದ್ದು?’

‘ವಾರ್ಡು ನನ್ನದು’ ಎಂದರು ಸಿಸ್ಟರ್.

ಮೇಟ್ರನ್ ಕಾರ್ಡುಗಳನ್ನು ಪಕ್ಕಪಕ್ಕ ಹರಡಿದರು. ಖಾಲಿ ಮನೆಗಳು ಹೆಚ್ಚೂ ಕಡಿಮೆ ಒಂದೇ ಕಂಬಸಾಲಿನಲ್ಲಿ ನಿಂತಿದ್ದವು. ‘ಎಲ್ಲ ಎರಡು ಗಂಟೆಯದ್ದೇ. ಎರಡು ಗಂಟೆಗೆ ಈ ವಾರ್ಡಿನಲ್ಲಿ ಯಾರಿರುತ್ತಾರೆ?’ ಎಂದು ಕೇಳಿದರು. ಬೆಳಗಿನವರು ಟೊಪ್ಪಿ ತೆಗೆಯುತ್ತಿರುತ್ತೇವೆ, ಮಧ್ಯಾಹ್ನದವರು ಬಸ್ಸಿನಲ್ಲಿರುತ್ತಾರೆ. ಇಪ್ಪತ್ತೆರಡು ರೋಗಿಗಳು ಇರುತ್ತಾರೆ. ಇಷ್ಟು ವರ್ಷ ಇದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಕಾರ್ಡು ಉಳಿಯಿತು. ಜೊತೆಗೆ ಒಂದು ಆಜ್ಞೆಯೂ ಬಂತು: ಬೆಳಗಿನ ಡ್ಯೂಟಿಯವರು ಎರಡೂವರೆ ತನಕ ಇದ್ದು, ಎರಡು ಗಂಟೆಯ ಜ್ವರ ನೋಡಿಯೇ ಹೋಗಬೇಕು. ಅಷ್ಟು ಹೊತ್ತಿಗೆ ಹಾಸ್ಟೆಲಿನಲ್ಲಿ ಮೀನು ಸಾರು ಮುಗಿದು ಬರೀ ಮಜ್ಜಿಗೆ ಉಳಿದಿರುತ್ತದೆ. ಒಂದು ದಿನ ಮಜ್ಜಿಗೆಯ ಮುಂದೆ ಕೂತು ಸಿಸ್ಟರನ್ನು ಕೇಳಿದೆ, ಇದರಿಂದ ನನಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು. ‘ಊಟ ಮಾಡು’ ಎಂದರು. ಸರಿಯಾದ ಉತ್ತರವೇ ಇರಬೇಕು. ಅಂದು ಹನ್ನೊಂದನೆಯ ಹಾಸಿಗೆಯ ಅಜ್ಜಿಗೆ ಹತ್ತು ಗಂಟೆಗೆ ಜ್ವರ ಇರಲಿಲ್ಲ, ಎರಡು ಗಂಟೆಗೆ ನೂರ ಒಂದು ಇತ್ತು, ನಾನು ನೋಡಿದ್ದೆ.