ಕಾಕಾ ಬರೆದ ಕೋಡ್, ನಾವು ಆರಿಸಿದ ಫಾರ್ಮ್ಯಾಟರ್

ಪಕ್ಕದ ಮನೆಯಲ್ಲಿ ಯಾರೋ ಕುಸುಬೆ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸುತ್ತಿದ್ದರು. ಒಗ್ಗರಣೆಯ ವಾಸನೆಯಲ್ಲ ಅದು, ಕಿವಿಗೆ ಬಿಡುವ ಎಣ್ಣೆಯದು. ಭಾಲ್ಕಿಯ ನಮ್ಮ ಎದುರುಮನೆಯ ಕಾಕಾ ಕೊನೆಕೊನೆಗೆ ದಿನಾಲೂ ಇದೇ ವಾಸನೆಯಲ್ಲಿ ಕೂತಿರುತ್ತಿದ್ದರು...

ಕಾಕಾಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಸಂಗೀತ ಮೇಷ್ಟ್ರಾಗಿ ನಿವೃತ್ತರಾದ ಮೇಲೆ, ಪರದೆ ಓದಿ ಹೇಳುವ ತಂತ್ರಾಂಶವನ್ನು ಕೇಳಿಕೇಳಿಯೇ ಕೋಡ್ ಬರೆಯಲು ಕಲಿತರು. ಭಾಲ್ಕಿ, ಬೀದರ, ಔರಾದ ಬಸ್ಸುಗಳ ವೇಳೆಯನ್ನು ಮಾತಿನಲ್ಲಿ ಹೇಳುವ ಆ್ಯಪ್ ಒಂದನ್ನು ಶುರು ಮಾಡಿ, ಯಾರು ಬೇಕಾದರೂ ತಿದ್ದಲಿ ಎಂದು ಅಂತರ್ಜಾಲದಲ್ಲಿ ತೆರೆದಿಟ್ಟರು. ನಾನು ಸೇರಿದೆ, ಮುಖ ನೋಡದ ಎಷ್ಟೋ ಜನ ಸೇರಿದರು. ಅವರಲ್ಲಿ ಔರಾದದ ಒಬ್ಬ ಹುಡುಗಿ ಬಲು ಗಟ್ಟಿ. ಕಾಕಾ ಕಳಿಸಿದ ಪ್ರತಿ ಸಾಲನ್ನೂ ಕೆದಕಿ ಜಗಳ ತೆಗೆಯುತ್ತಿದ್ದಳು. “ಈ ಹುಡುಗಿ ನನ್ನ ಜೀವ ತಿಂತಾಳ” ಎಂದು ಕಾಕಾ ಬೈಯುತ್ತಿದ್ದರು. ಅವಳ ಟಿಪ್ಪಣಿ ತಡವಾದರೆ ಮಾತ್ರ ಅವರಿಗೆ ಊಟ ಸೇರುತ್ತಿರಲಿಲ್ಲ.

ಜನ ಹೆಚ್ಚಿದಂತೆ ಒಬ್ಬೊಬ್ಬರ ಕೋಡ್ ಒಂದೊಂದು ಥರ ಕಾಣತೊಡಗಿತು. ಎಲ್ಲವನ್ನೂ ತಾನಾಗಿಯೇ ಒಂದೇ ರೀತಿ ಜೋಡಿಸಿಡುವ ಫಾರ್ಮ್ಯಾಟರ್ ಬೇಕೆಂಬ ಮಾತು ಬಂತು. ಹುಡುಗಿ ಸೂಚಿಸಿದ್ದು, ಸಾಲಿನ ಆರಂಭದ ಜಾಗವನ್ನು ಸ್ಪೇಸ್‌ಗಳಿಂದ ತುಂಬುವಂಥದ್ದು. ಇನ್ನೊಂದು ಅಲ್ಲಿ ಅಷ್ಟೇ ಜಾಗ ಬಿಡುವ ಒಂದೇ ಒಂದು ಟ್ಯಾಬ್ ಇಡುತ್ತಿತ್ತು. ಕಣ್ಣಿಂದ ನೋಡುವ ನಮಗೆ ಎರಡೂ ಒಂದೇ. ಆದರೆ ಅಂದು ಸಂಜೆ ಕಾಕಾ ನನ್ನ ಕೈ ಹಿಡಿದರು.

“ಕಿವಿ ಹೋಗ್ಲಕತ್ಯಾವ, ಬೇಟಾ. ಯಾರ ಮುಂದೂ ಹೇಳಬ್ಯಾಡ.”

ಮೇಜಿನ ಮೇಲೆ ಹೊಸ ಯಂತ್ರವೊಂದಿತ್ತು. ಪರದೆಯ ಅಕ್ಷರಗಳು ಅದರ ಗೇಣುದ್ದದ ಪಟ್ಟಿಯ ಮೇಲೆ ಬ್ರೈಲ್ ಚುಕ್ಕಿಗಳಾಗಿ ಏಳುತ್ತಿದ್ದವು. ಇನ್ನು ಮುಂದೆ ಅವರು ಬೆರಳಿನಿಂದಲೇ ಓದಬೇಕಿತ್ತು. ಸ್ಪೇಸ್‌ಗಳಾದರೆ ಅರ್ಧ ಪಟ್ಟಿ ಬರೀ ಖಾಲಿ, ಟ್ಯಾಬ್ ಆದರೆ ಒಂದೇ ಅಕ್ಷರದ ಜಾಗ ಸಾಕು.

“ಹಂಗಾರ ಎಲ್ಲರಿಗೂ ಹೇಳಿಬಿಡ್ರಿ ಕಾಕಾ” ಎಂದೆ.

“ನನಗ ಕಣ್ಣಿಲ್ಲಂತ ಅವರಿಗಿ ಗೊತ್ತೇ ಇಲ್ಲ. ಹೇಳಿದ್ರ ಅಯ್ಯೋ ಪಾಪ ಅಂತಾರ. ಆಮ್ಯಾಲ ನನ್ನ ಸಂಗಟ ಜಗಳ ಯಾರ ಮಾಡ್ತಾರ?”

ಅವರ ಹೆದರಿಕೆ ನನಗೂ ಅಂಟಿತು. ಹೇಳದಿದ್ದರೆ ಕೆಲಸವೇ ಕೈತಪ್ಪುತ್ತದೆ, ಹೇಳಿದರೆ... ಕಡೆಗೆ ಎಲ್ಲವನ್ನೂ ಕಾಕಾ ತಾವೇ ಬರೆದು ಕಳಿಸಿದರು. ಉತ್ತರಗಳು ಒಂದರ ಹಿಂದೆ ಒಂದು ಬಂದವು. ಎಲ್ಲರೂ ಟ್ಯಾಬ್ ಇಡುವ ಫಾರ್ಮ್ಯಾಟರಿಗೇ ಒಪ್ಪಿದ್ದರು, ಔರಾದದ ಹುಡುಗಿಯೇ ಮೊದಲು. ನಾನು ಓದಿ ಹೇಳುತ್ತ ಹಿಗ್ಗಿದೆ. “ಒಬ್ಬರೂ ಜಗಳ ತೆಗಿಲಿಲ್ಲೇನ?” ಎಂದು ಕಾಕಾ ಕೇಳಿದರು.

ಅಲ್ಲಿಂದಾಚೆ ಅವರು ಕಳಿಸಿದ್ದೆಲ್ಲ ಕಳಿಸಿದ ಕೂಡಲೇ ಪಾಸಾಗತೊಡಗಿತು. ಅನುಮಾನ ಬಂದು ಒಂದು ದಿನ ಕಾಕಾ ಬೇಕೆಂದೇ ತಪ್ಪು ಹಾಕಿ ಕಳಿಸಿದರು. ಅದರ ಪ್ರಕಾರ ಔರಾದದ ಬಸ್ಸು ಹೊರಡುವ ಮೊದಲೇ ಬೀದರ ಮುಟ್ಟುತ್ತಿತ್ತು! ಹಿಂದಾಗಿದ್ದರೆ ಹುಡುಗಿ ಮಾನ ಹರಾಜು ಹಾಕುತ್ತಿದ್ದಳು. ಈಗ ಬಂದದ್ದು ಒಂದೇ ಸಾಲು: “ಭಾಳ ಛಲೋ ಆಗ್ಯಾದರಿ ಸರ್.”

ಅದನ್ನು ಕಾಕಾನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಓದಿದೆ. ಮತ್ತೊಮ್ಮೆ ಓದಿಸಿದರು. ನಂಬದೆ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದರು. “ನೋಡಿದೇನ?” ಎಂದರು, ಅಷ್ಟೇ. ತಪ್ಪನ್ನು ತಾವೇ ತಿದ್ದಿ ಕಳಿಸಿ, ಯಂತ್ರ ಮುಚ್ಚಿಟ್ಟರು. ಮತ್ತೆ ಅವರು ಕೋಡ್ ಬರೆದದ್ದನ್ನು ನಾನು ಕಾಣಲಿಲ್ಲ...

ಕಾಕಾ ಈಗಿಲ್ಲ. ಅವರಿಗಾಗಿ ಆರಿಸಿದ ಫಾರ್ಮ್ಯಾಟರ್ ಇವತ್ತಿಗೂ ಸಾಲುಗಳ ಮುಂದೆ ಟ್ಯಾಬ್ ಇಡುತ್ತದೆ. ಬೆರಳಿನಿಂದ ಓದುವವರು ನಮ್ಮಲ್ಲಿ ಯಾರೂ ಇಲ್ಲ. ನಿನ್ನೆ ನಾನು ಕಳಿಸಿದ ಕೋಡಿಗೆ ಔರಾದದ ಹುಡುಗಿ “ಛಲೋ ಅದರಿ ಅಕ್ಕಾ” ಎಂದಷ್ಟೇ ಬರೆದಿದ್ದಾಳೆ. ತಪ್ಪೇನೂ ಇರಲಿಕ್ಕಿಲ್ಲ... ಆದರೂ ಅವಳು ಜಗಳ ತೆಗೆಯಲಿಲ್ಲವಲ್ಲ ಎಂದು ಹೆದರಿ, ಮೊದಲ ಸಾಲಿನಿಂದ ಮತ್ತೆ ಓದುತ್ತ ಕೂತಿದ್ದೇನೆ.