ಅವಳ ಹಳೆಯ ದನಿಗೆ ತಾಲೀಮು

ಕೊಟ್ಟೂರಿನಲ್ಲಿ ನನ್ನನ್ನು ಎಲ್ಲರೂ ಪೇಟಿ ಮಾಸ್ತರ್ ಎಂದೇ ಕರೆಯುತ್ತಾರೆ. ಸುತ್ತಲಿನ ಹಳ್ಳಿಗಳವರು ನಾಟಕ ಆಡಬೇಕೆಂದಾಗ ನನಗೆ ಹೇಳಿ ಕಳಿಸುತ್ತಾರೆ. ನಾನು ಪೇಟಿ, ಅಂದರೆ ಹಾರ್ಮೋನಿಯಂ, ತೆಗೆದುಕೊಂಡು ಹೋಗಿ, ಹಾಡುಗಳಿಗೆ ರಾಗ ಹಾಕಿ, ಹೊಲದಿಂದ ಬಂದವರಿಗೆ, ಬಸ್ಸಿನ ಡ್ಯೂಟಿ ಮುಗಿಸಿ ಬಂದವರಿಗೆ, ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದವರಿಗೆ ತಾಲೀಮು ಮಾಡಿಸುತ್ತೇನೆ. ಪೋಸ್ಟರಿನಲ್ಲಿ ‘ಸಂಗೀತ ನಿರ್ದೇಶಕರು’ ಎಂದು ಹಾಕುತ್ತಾರೆ. ಮೊದಮೊದಲು ಅದನ್ನು ನೋಡಿ ಹಿಗ್ಗುತ್ತಿದ್ದೆ. ಈಗ ಗೋಡೆಯ ಮೇಲೆ ಆ ಪದ ಕಂಡರೆ ಮುಖ ಹೊರಳಿಸಿ ನಡೆಯುತ್ತೇನೆ. ಯಾಕೆಂದು ತಿಳಿಯಬೇಕಾದರೆ ಕೂಡ್ಲಿಗಿಯ ಆ ಹೆಣ್ಣುಮಗಳ ವಿಷಯ ಹೇಳಬೇಕು.

ನಮ್ಮ ಕಡೆ ಗಂಡಸರ ಪಾತ್ರಗಳನ್ನು ಊರವರೇ ಮಾಡುತ್ತಾರೆ. ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವಳು ಹಾಗೆ ಬರುತ್ತಿದ್ದವಳು. ಅವಳ ತಾಯಿಯೂ ಅದೇ ಕೆಲಸ ಮಾಡಿದ್ದಳು. ಹರೆಯದಲ್ಲಿ ನಾಯಕಿಯಾಗಿ, ಆಮೇಲೆ ಅತ್ತಿಗೆಯಾಗಿ, ಕೊನೆಗೆ ತಾಯಿಯಾಗಿ ಈ ಮಗಳು ನಮ್ಮ ನಾಟಕಗಳ ಜೊತೆಗೇ ಮಾಗಿದಳು. ಹಡಗಲಿಯಿಂದ ಹರಪನಹಳ್ಳಿಯವರೆಗೆ ಅವಳ ಹಾಡು ಕೇಳದ ಊರು ಕಡಿಮೆ. ನಾನು ಅವಳನ್ನು ತಂಗೆವ್ವ ಎನ್ನುತ್ತಿದ್ದೆ. ಅವಳಿಗೆ ನಾನು ಮೊದಲಿಂದಲೂ ಮಾಸ್ತರ್ರು.

ರಾಗ ಹಾಕುವವನಿಗೆ ಒಂದು ದನಿ ಬೇಕು. ಇದನ್ನು ಹೇಗೆ ಹೇಳಲಿ? ಪೇಟಿಯ ಮುಂದೆ ಕೂತಾಗ ಮೊದಲು ನನಗೆ ಕೇಳುತ್ತಿದ್ದದ್ದು ಅವಳ ದನಿ, ಆಮೇಲೆ ರಾಗ. ಮಗನನ್ನು ಕಳೆದುಕೊಂಡ ತಾಯಿಯ ಹಾಡೊಂದಕ್ಕೆ ನಾನು ರಾಗ ಹಾಕಿದ್ದೆ. ಅದರಲ್ಲಿ ‘ಕಂದಾ’ ಎಂಬ ಮಾತು ಮೇಲಿನ ಷಡ್ಜಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಬೇರೆ ಯಾರು ಹಾಡಿದರೂ ಅದು ಕಿರುಚಾಟವಾಗುತ್ತಿತ್ತು. ಅವಳು ಹಾಡಿದರೆ ಮುಂದೆ ಕೂತ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದ ಅಂಗಡಿಯ ಮಹಡಿಯ ಮೇಲಿದ್ದ ಸಣ್ಣ ಸ್ಟುಡಿಯೋದಲ್ಲಿ ಒಮ್ಮೆ ಅದೂ ಸೇರಿ ಅವಳ ಹಾಡುಗಳನ್ನು ರೆಕಾರ್ಡ್ ಮಾಡಿಸಿದೆವು. ಕೆಳಗೆ ಲಾರಿಗೆ ಚೀಲ ಹೇರುವ ಸದ್ದು ನಿಂತಾಗಲೆಲ್ಲ ಹಾಡುತ್ತಿದ್ದಳು. ಬೆವರು ಒರೆಸಿಕೊಂಡು, ನಗುತ್ತಾ, “ಇದ ಕಡೀದು ಮಾಸ್ತರ್ರ, ಇನ್ನ ನನ್ ಕೈಲಿ ಆಗಂಗಿಲ್ಲ” ಎಂದು ಅದೇ ಹಾಡನ್ನು ಮತ್ತೆ ಮತ್ತೆ ಹಾಡಿದ್ದಳು.

ಆಮೇಲೆ ಅವಳ ಕೊರಳಲ್ಲಿ ಗಡ್ಡೆ ಕಾಣಿಸಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ದನಿಗೆ ಪೆಟ್ಟು ಬೀಳಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಜೀವ ಉಳಿಯಿತು, ದನಿ ಉಳಿಯಲಿಲ್ಲ. ನಾನು ನೋಡಲು ಹೋದಾಗ ಕೊರಳಿಗೆ ಸೆರಗು ಸುತ್ತಿಕೊಂಡು ಕೂತಿದ್ದಳು. ಬಾಯಿ ತೆರೆದರೆ ಒಣಗಿದ ಎಲೆ ಉಜ್ಜಿದಂಥ ಸದ್ದು.

“ಬರ್ತೈತೇನ್ರಿ ಮಾಸ್ತರ್ರ?”

“ಬರ್ತೈತಿ ಬಿಡವ್ವ. ಸಣ್ಣಗೆ ಸಾಧನೆ ಮಾಡೋಣು.”

ಮಾಡಿದೆವು. ಗಾಯ ಮಾಗಿದ ಮೇಲೆ ಡಾಕ್ಟರನ್ನು ಕೇಳಿಕೊಂಡೇ ಶುರು ಮಾಡಿದೆವು. ನಾನು ಬಸ್ಸು ಹತ್ತಿ ಕೂಡ್ಲಿಗಿಗೆ ಹೋಗುತ್ತಿದ್ದೆ. ಅವಳ ಶ್ರುತಿ ಪೇಟಿಯ ನಾಲ್ಕನೆಯ ಕರಿ ಮನೆಯ, ಅಂದರೆ ಕರಿ ಕೀಲಿಯ, ಎತ್ತರದ್ದಾಗಿತ್ತು. ಅಲ್ಲಿಂದ ಒಂದೊಂದೇ ಮನೆ ಕೆಳಗಿಳಿದೆವು. ಇಳಿದಷ್ಟೂ ಹಾಡು ಮಾತಿನ ಹತ್ತಿರ ಬಂತೇ ಹೊರತು ಹಾಡಾಗಲಿಲ್ಲ. ಒಂದು ದಿನ ಅವಳೇ ಕೈ ಚಾಚಿ ಪೇಟಿಯ ತಿದಿ ಮುಚ್ಚಿದಳು.

ಅದೇ ತಾಯಿಯ ಪಾತ್ರಕ್ಕೆ ಅವಳನ್ನು ಮತ್ತೆ ಕರೆಸಿದ್ದು ನೀಲಗುಂದದ ಕಡೆಯ ಒಂದು ಹಳ್ಳಿಯವರು. ಅಲ್ಲಿ ನಾಯಕನ ಪಾತ್ರ ಮಾಡುತ್ತಿದ್ದವನು ಬಸ್ ಕಂಡಕ್ಟರ್. ಒಳ್ಳೆಯ ಮನುಷ್ಯ. ಅವಳ ಮನೆಗೇ ಹೋಗಿ ಕೇಳಿದ್ದ. ತಾಲೀಮಿಗೆ ನಾನು ಹೋದಾಗ ಸಮುದಾಯ ಭವನದಲ್ಲಿ ಕೀಬೋರ್ಡ್, ದೊಡ್ಡ ಸ್ಪೀಕರುಗಳೆಲ್ಲ ಇದ್ದವು. ಅವಳು ಗೋಡೆಗೆ ಒರಗಿ ಕೂತಿದ್ದಳು.

“ಮಾಸ್ತರ್ರೇ, ಯಮ್ಮ ಹಾಡೋದು ಬ್ಯಾಡ್ರಿ,” ಎಂದ ಕಂಡಕ್ಟರ್. “ಸ್ಟುಡಿಯೋದಾಗಿನ ಹಾಡು ಅದಾವಲ್ಲ, ಅವನ್ನ ಹಾಕ್ತೀವಿ. ಯಮ್ಮ ಬಾಯಿ ಆಡಿಸಿದ್ರ ಸಾಕು. ಜನಕ್ಕ ಅವರ ದನೀನ ಬೇಕ್ರಿ.”

ನಾನು ಅವಳನ್ನು ನೋಡಿದೆ. ಅವಳು ನೆಲ ನೋಡುತ್ತಾ ತಲೆಯಾಡಿಸಿದಳು. ಮೊದಲೇ ಒಪ್ಪಿಕೊಂಡಿದ್ದಳು. ದನಿ ಇಲ್ಲದಿದ್ದರೂ ಬಣ್ಣ ಹಚ್ಚಿಕೊಂಡು ದೀಪದ ಮುಂದೆ ನಿಲ್ಲುವ ಆಸೆ ಅವಳಲ್ಲಿ ಉಳಿದಿತ್ತು. ಅದನ್ನು ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ಹಾಡು ಹಾಕಿದರು. ಗೊಬ್ಬರದಂಗಡಿಯ ಮಹಡಿಯ ಮೇಲಿನ ಆ ಮಧ್ಯಾಹ್ನದ ದನಿ ಭವನದ ತುಂಬ ಹರಡಿತು. ಅವಳ ತುಟಿ ತಡವಾಗುತ್ತಿತ್ತು. ಮತ್ತೊಮ್ಮೆ ಹಾಕಿದರು, ಮತ್ತೂ ತಪ್ಪಿತು. ಹಾಡು ಬಾಯಿಪಾಠವಿತ್ತು, ತಾಳ ಗೊತ್ತಿತ್ತು. ಆದರೆ ಈಗಿನ ಮೈ ಉಸಿರಿಗೆ ನಿಲ್ಲುವ ಜಾಗವೇ ಬೇರೆ, ಆಗಿನ ಮೈ ನಿಂತ ಜಾಗವೇ ಬೇರೆ. ನಾನು ಪೇಟಿ ಬಿಟ್ಟು ಎದ್ದು ಅವಳ ಎದುರು ಕೂತೆ. ಅವಳು ಸ್ಪೀಕರಿನ ಕಡೆ ಬೆರಳು ಮಾಡಿ ಪಿಸುಗುಟ್ಟಿದಳು:

“ಈಕಿ ಎಲ್ಲಿ ಉಸುರು ತಗಂತಾಳ್ರಿ ಮಾಸ್ತರ್ರ?”

ಈಕಿ ಅಂದಳು. ಪಕ್ಕದ ಮನೆಯವಳೊಬ್ಬಳ ಬಗ್ಗೆ ಕೇಳಿದ ಹಾಗೆ. ನಾನು ಕೈ ಮೇಲೆತ್ತಿ ಇಲ್ಲಿ, ಕೈ ಇಳಿಸಿ ಇಲ್ಲಿ ಎಂದು ತೋರಿಸುತ್ತಾ ಹೋದೆ. ಜೀವಮಾನವೆಲ್ಲ ಹಾಡು ಹೇಳಿಕೊಟ್ಟಿದ್ದೇನೆ. ಅಂದು ಒಬ್ಬ ಹಾಡುಗಾರ್ತಿಗೆ ಅವಳದೇ ಉಸಿರನ್ನು ಹೇಳಿಕೊಟ್ಟೆ. ಅವಳು ಬೇಗ ಕಲಿತಳು, ಯಾವಾಗಲೂ ಬೇಗ ಕಲಿಯುವವಳೇ. ಕಂಡಕ್ಟರ್ ಚಪ್ಪಾಳೆ ತಟ್ಟಿದ. “ಅಗದೀ ಕರೆಕ್ಟ್ ಬಂತು ನೋಡ್ರಿ!”

ನಾಟಕದ ದಿನ ನನ್ನನ್ನು ಎಂದಿನಂತೆ ರಂಗದ ಮುಂದೆ ಪೇಟಿಯೊಂದಿಗೆ ಕೂರಿಸಿದರು. ಹಾಡುಗಳೆಲ್ಲ ರೆಕಾರ್ಡಿನವು, ನನ್ನ ಮುಂದಿನ ಮೈಕು ಬಂದ್. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ, ಬಾರಿಸ್ತಾ ಇರ್ರಿ ಅಂದಿದ್ದರು. ಬಾರಿಸುತ್ತಿದ್ದೆ. ಅವಳು ನರೆಗೂದಲ ಟೋಪನ್ ತಲೆಗೆ ಹಾಕಿಕೊಂಡು ಬಂದಳು. ಮಾತುಗಳನ್ನು ಆ ಹರಿದ ದನಿಯಲ್ಲೇ ಆಡಿದಳು. ರೋಗದ ಮುದುಕಿಯ ಪಾತ್ರ, ಒಪ್ಪುತ್ತಿತ್ತು. ಹಾಡು ಬಂದಾಗ ಸ್ಪೀಕರಿನಿಂದ ಆ ತುಂಬುದನಿ ಎದ್ದಿತು. ತುಟಿ ಎಲ್ಲೂ ತಪ್ಪಲಿಲ್ಲ.

‘ಕಂದಾ’ ಬರುವ ಹೊತ್ತಿಗೆ ಅವಳ ಕೊರಳಿನ ನರ ಉಬ್ಬಿದ್ದು ಕಂಡೆ. ಅವಳು ಬಾಯಿ ಆಡಿಸುತ್ತಿರಲಿಲ್ಲ, ಹಾಡುತ್ತಿದ್ದಳು. ರಂಗದ ಅಂಚಿನಲ್ಲಿ ಕೂತಿದ್ದ ನನಗೆ ಸ್ಪೀಕರಿನ ಅಬ್ಬರದ ಅಡಿಯಲ್ಲಿ ಆ ಇನ್ನೊಂದು ಸದ್ದು ಕೇಳಿಸಿತು. ಏರಲಾರದೆ, ಒಡೆದು, ಬರೀ ಗಾಳಿಯಾಗಿ ಹೋಯಿತು. ಅವಳ ಕಣ್ಣಿಂದ ನೀರು ಇಳಿಯಿತು. ಜನ ಶಿಳ್ಳೆ ಹೊಡೆದರು. ಒನ್ಸ್ ಮೋರ್ ಎಂದು ಕೂಗಿದರು. ಮತ್ತೊಮ್ಮೆ ಹಾಕಿದರು. ಎರಡನೆಯ ಸಲ ಅವಳು ಬಾಯಿ ಮಾತ್ರ ಆಡಿಸಿದಳು.

ನಾಟಕ ಮುಗಿದು ಅವಳು ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಊರಿನ ವಯಸ್ಸಾದ ಹೆಂಗಸೊಬ್ಬಳು ಒಳಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

“ಯವ್ವಾ, ಮುದುಕಿ ದನಿ ಎಷ್ಟ್ ಚಂದ ತಗೀತಿಯವ್ವ! ಖರೇನ ಗಂಟ್ಲು ಹೋಗೈತೇನೋ ಅನ್ನಂಗ ಮಾತಾಡ್ತಿ. ಹಾಡಿಗೆ ನಿಂತ್ರ ಮತ್ತ ಅದ ಬಂಗಾರದ ದನಿ. ಒಂಚೂರೂ ಬದ್ಲಾಗಿಲ್ಲ ನೋಡು!”

ಉತ್ತರ ಕೊಟ್ಟರೆ ಅವಳು ಆ ಮುದುಕಿ ದನಿಯಲ್ಲೇ ಕೊಡಬೇಕಾಗಿತ್ತು. ಕೈ ಮುಗಿದು ನಕ್ಕಳು. “ಯಾಕವ್ವ, ಮಾತಾಡವಲ್ಲಿ?” ಎಂದಳು ಹೆಂಗಸು. “ದಣಿದಾಳ್ರಿ,” ಎಂದೆ ನಾನು. ಆ ಹೆಂಗಸು ಅವಳ ಕೆನ್ನೆ ಸವರಿ, ಲಟಿಕೆ ಮುರಿದು ಹೋದಳು.

ಹರಪನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಅವಳು ಹೇಳಿದಳು: “ಇನ್ನ ನನ್ನ ಕರೀಬ್ಯಾಡ್ರಿ ಮಾಸ್ತರ್ರ. ಆಕಿ ಮುಂದ ನಿಂದ್ರಾಕ ನಂಗ ಆಗವಲ್ದು.” ನಾನು ಎದ್ದು ಚಹಾದ ದುಡ್ಡು ಕೊಟ್ಟು ಬಂದೆ. ಕೂಡ್ಲಿಗಿಯ ಬಸ್ಸು ಬಂತು, ಹತ್ತಿ ಹೋದಳು.

ನಾಟಕ ನಿಲ್ಲಲಿಲ್ಲ. ಆ ಹಾಡುಗಳು ಫೋನಿನಿಂದ ಫೋನಿಗೆ ಹೋಗಿವೆ. ಈಗ ಬೇರೆ ಕಲಾವಿದೆಯರು ಅವಕ್ಕೆ ತುಟಿ ಆಡಿಸುತ್ತಾರೆ. ಅವರಿಗೆ ತಾಲೀಮು ಮಾಡಿಸುವವನೂ ನಾನೇ. ಹಿಂದಿನ ವರ್ಷ ಹಡಗಲಿ ಕಡೆ ಒಬ್ಬ ಹುಡುಗಿ ಚೂಯಿಂಗ್ ಗಮ್ ಅಗಿಯುತ್ತಲೇ ಆ ತಾಯಿಯ ಹಾಡು ಕಲಿತಳು. ಒಳ್ಳೆಯ ಹುಡುಗಿ, ನಿಜವಾಗಿ ಹಾಡಲೂ ಬಲ್ಲಳು. “ನಿನ್ನ ದನೀಲೆ ಹಾಡವ್ವ,” ಎಂದೆ. “ಯಾರ್ ಕೇಳ್ತಾರ್ರಿ ಅಂಕಲ್?” ಎಂದಳು.

ಮೊನ್ನೆ ಮೈಲಾರದ ಹತ್ತಿರದ ಊರಿನವರು ಹೊಸ ನಾಟಕ ಬರೆಸಿ ತಂದಿದ್ದರು. ರಾಗ ಹಾಕಿಕೊಡಿ ಎಂದರು. ಮನೆಯಲ್ಲಿ ಪೇಟಿ ಮುಂದಿಟ್ಟುಕೊಂಡು ದಿನವೆಲ್ಲ ಕೂತೆ. ಬೆರಳಿಗೆ ಬಂದದ್ದೆಲ್ಲ ಹಿಂದೆ ಎಲ್ಲೋ ಹಾಕಿದ ರಾಗವೇ. ಹೊಸದೊಂದು ಸಾಲು ಹುಟ್ಟಬೇಕಾದರೆ ಒಳಗೆ ಒಂದು ದನಿ ಮೊದಲು ಹಾಡಬೇಕು. ಒಳಗೆ ಏನೂ ಇಲ್ಲ. ಸಂಜೆ ಅವರಿಗೆ ಫೋನ್ ಮಾಡಿ, ಹಳೆಯ ಹಾಡುಗಳನ್ನೇ ಹಾಕಿಕೊಳ್ಳಿ ಎಂದೆ. ಅವರಿಗೆ ಬೇಸರವೇನೂ ಆಗಲಿಲ್ಲ. “ಹಂಗಾದ್ರ ಇನ್ನೂ ಚಲೋ ಆತ್ರಿ,” ಎಂದರು.